ಪೆಟ್ಟಿಗೆಯೂ ಚೀಟಿಯೂ

ಜಿನೀವದ ಸರ್ನ್ ಸಂಶೋಧನಾಲಯದಲ್ಲಿ, 1990ರ ಕೊನೆಗೆ, ಟಿಮ್ ಬರ್ನರ್ಸ್-ಲೀ ಅವರು ಜಗತ್ತಿನ ಮೊತ್ತಮೊದಲ ವೆಬ್ ಸರ್ವರನ್ನು ನಡೆಸಿದರು. ಆ ಯಂತ್ರಕ್ಕೆ ಒಂದು ಚೀಟಿ ಅಂಟಿಸಿತ್ತು: ಇದು ಸರ್ವರು, ಯಾರೂ ಆರಿಸಕೂಡದು ಎಂದು. ಸರ್ವರೆಂದರೆ ಕೇಳಿದವರಿಗೆ ಕೇಳಿದ ಪುಟವನ್ನು ಎತ್ತಿಕೊಡುವ ಪರಿಚಾರಕ. ಇಂದು ಅದೇ ಪರಿಚಾರಕನನ್ನು ಕಂಟೇನರ್ ಎಂಬ ಪೆಟ್ಟಿಗೆಯೊಳಗೆ ಕೂರಿಸುತ್ತಾರೆ. ಬೇಡವಾದಾಗ ಪೆಟ್ಟಿಗೆಯನ್ನೇ ಎಸೆದು ಇನ್ನೊಂದನ್ನು ತೆರೆಯುತ್ತಾರೆ. ಕನ್ನಡ ಮೇಷ್ಟರಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಿಯಾರು. ಹೇಳುತ್ತೇನೆ, ಮೊದಲು ಪೆಟ್ಟಿಗೆಯ ವಂಶಾವಳಿ ಆಗಲಿ.

ಹೆಸರು ಬಂದದ್ದು ಹಡಗಿನಿಂದ. ಅಮೆರಿಕದ ಲಾರಿ ಉದ್ಯಮಿ ಮಾಲ್ಕಮ್ ಮೆಕ್ಲೀನ್ 1956ರ ಏಪ್ರಿಲ್ 26ರಂದು 58 ಪೆಟ್ಟಿಗೆಗಳನ್ನು ‘ಐಡಿಯಲ್ ಎಕ್ಸ್’ ಹಡಗಿನಲ್ಲಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದ. ಒಳಗೇನಿದೆಯೆಂದು ಬಂದರಿನವರು ತಿಳಿಯಬೇಕಾಗಿರಲಿಲ್ಲ, ಎತ್ತಿ ಇಟ್ಟರಾಯಿತು.

ಗಣಕದಲ್ಲಿ ಈ ಬಗೆಯ ಬೇಲಿ ಮೊದಲು ಕಂಡದ್ದು 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ. ಅಲ್ಲಿನ ‘ಚ್‌ರೂಟ್’ ಒಂದು ಕಾರ್ಯಕ್ರಮಕ್ಕೆ ಒಂದೇ ಕೋಶವನ್ನು ತೋರಿಸಿ, ಇದೇ ನಿನ್ನ ಪ್ರಪಂಚವೆಂದು ನಂಬಿಸುತ್ತಿತ್ತು. ನಾವು ಬೈಗುಳಾಗಿ ಬಳಸುವ ಕೂಪಮಂಡೂಕತ್ವ ಅವರಿಗೆ ಉಪಾಯವಾಯಿತು! 2000ದಲ್ಲಿ ಫ್ರೀಬಿಎಸ್‌ಡಿಯವರು ಬೇಲಿಯನ್ನು ಬಿಗಿಮಾಡಿ, ಅದಕ್ಕೆ ಸೆರೆಮನೆಯೆಂದೇ ಹೆಸರಿಟ್ಟರು. 2008ರಲ್ಲಿ ಲಿನಕ್ಸಿನೊಳಗೆ ಯಾರಿಗೆಷ್ಟು ಸ್ಮೃತಿ, ಯಾರಿಗೆಷ್ಟು ದುಡಿಮೆ ಎಂದು ಪಾಲುಹಾಕುವ ಏರ್ಪಾಡು ಸೇರಿತು. 2013ರಲ್ಲಿ ಸೊಲೊಮನ್ ಹೈಕ್ಸ್ ಪ್ರಕಟಿಸಿದ ‘ಡಾಕರ್’ ಇದನ್ನೆಲ್ಲ ಸಾಮಾನ್ಯರ ಕೈಗೆಟುಕಿಸಿತು.

ತೊಡಕು ಇಲ್ಲಿಯೇ. ರಷ್ಯದ ಇಗೊರ್ ಸಿಸೊಯೆವ್ 2004ರಲ್ಲಿ ಹೊರತಂದ ‘ಎಂಜಿನ್ ಎಕ್ಸ್’ ಸರ್ವರು ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುತ್ತದೆ. ಎಲ್ಲರಿಗೂ ಒಂದೇ ಅಚ್ಚು. ನಮ್ಮ ಮನೆಯ ನಿಯಮಗಳನ್ನು ಎಲ್ಲಿ ಬರೆಯುವುದು? ನಡೆಯುತ್ತಿರುವ ಪೆಟ್ಟಿಗೆಯೊಳಗೆ ಹೊಕ್ಕು ಬರೆದರೆ ಪೆಟ್ಟಿಗೆಯೊಡನೆ ಬರೆದುದೂ ಹೋಗುತ್ತದೆ. ನಿಯಮಗಳನ್ನು ಸೇರಿಸಿ ನಮ್ಮದೇ ಅಚ್ಚು ಮಾಡಿಕೊಳ್ಳಬಹುದು. ಆದರೆ ಒಂದಕ್ಷರ ತಿದ್ದಿದರೂ ಮತ್ತೆ ಅಚ್ಚೊತ್ತಬೇಕು. ನನಗೆ ಮೆಚ್ಚಿಗೆಯಾದದ್ದು ಮೂರನೆಯ ದಾರಿ: ನಿಯಮಗಳ ಕಡತ ಹೊರಗೇ ಇರಲಿ, ಪೆಟ್ಟಿಗೆ ತೆರೆಯುವಾಗ ಅದನ್ನು ಒಳಗಿನ ಕಡತದ ಸ್ಥಾನದಲ್ಲಿ ಕಾಣುವಂತೆ ಜೋಡಿಸುವುದು, ಓದಬಹುದೇ ಹೊರತು ತಿದ್ದಲಾಗದಂತೆ. ತಿದ್ದಿದ್ದೇನಿದ್ದರೂ ಹೊರಗೆ, ಆಮೇಲೆ ಸರ್ವರಿಗೆ ಮತ್ತೊಮ್ಮೆ ಓದಿಕೊಳ್ಳಲು ಹೇಳಬೇಕು, ಅಷ್ಟೆ.

ನಾನು ಬಲ್ಲ ಒಂದು ಸಂಸ್ಥೆ ತನ್ನ ಹಳೆಯ ಸಾಹಿತ್ಯಪತ್ರಿಕೆಯ ಸಂಚಿಕೆಗಳನ್ನು ಜಾಲದಲ್ಲಿಟ್ಟಿತ್ತು. ಹಳೆಯ ವಿಳಾಸ ಹಿಡಿದು ಬಂದವರನ್ನು ಹೊಸದಕ್ಕೆ ತಿರುಗಿಸುವ ನಿಯಮಗಳನ್ನು ಯಾರೋ ಪೆಟ್ಟಿಗೆಯೊಳಗೇ ಬರೆದಿದ್ದರು. ಪೆಟ್ಟಿಗೆ ಬದಲಾದ ದಿನ ಲೇಖನಗಳೆಲ್ಲ ಇದ್ದುವು, ದಾರಿಯಿರಲಿಲ್ಲ. ನನ್ನ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಕೊಟ್ಟಿದ್ದ ವಿಳಾಸಗಳೆಲ್ಲ ಬರಿಗೋಡೆಗೆ ಹಾಯ್ದುವು. ನಿಯಮಗಳನ್ನು ಒಂದೊಂದಾಗಿ ಮತ್ತೆ ಬರೆಯಬೇಕಾಯಿತು. ಈಗ ಕಡತ ಹೊರಗಿದೆ; ಅದರ ತಲೆಯಲ್ಲಿ, ಸರ್ವರು ಓದದೆ ದಾಟುವ ಸಾಲುಗಳಲ್ಲಿ, ಯಾವ ನಿಯಮ ಯಾತಕ್ಕೆಂದು ಕನ್ನಡದಲ್ಲಿ ಬರೆದಿಟ್ಟಿದ್ದಾರೆ.