ಗೋಡೆಯ ತಂತಿಯಿಂದ ಹೊಟ್ಟೆಯೊಳಗಿನ ಡಬ್ಬಿಗೆ

2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿತು. ಮರಗಳು ಸಾವಿರಗಟ್ಟಲೆ ಉರುಳಿದವು, ಜೊತೆಗೆ ವಿದ್ಯುತ್ ಕಂಬಗಳೂ ಬಿದ್ದವು. ಎಷ್ಟೋ ಬಡಾವಣೆಗಳಿಗೆ ದಿನಗಟ್ಟಲೆ ಕರೆಂಟ್ ಬರಲಿಲ್ಲ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು, ನೀರಿನ ಮೋಟಾರು ನಿಂತಿತು. ಆ ನಗರದಲ್ಲಿ ಪೇಸ್‌ಮೇಕರ್ ಹೊತ್ತ ಕೂಸುಗಳೂ ಇದ್ದವು. ಅವುಗಳ ಎದೆ ನಿಲ್ಲಲಿಲ್ಲ. ಹೊಟ್ಟೆಯ ಚರ್ಮದಡಿಯ ಆ ಪುಟ್ಟ ಡಬ್ಬಿಗೆ ಊರಿನ ಕರೆಂಟಿನ ಹಂಗಿಲ್ಲ.

ಈ ಹಂಗು ತಾನಾಗಿ ಕಳಚಿದ್ದಲ್ಲ. ಅದರ ಹಿಂದೆ ಇನ್ನೊಂದು ಊರಿನ, ಇನ್ನೊಂದು ಕತ್ತಲೆಯ ಕಥೆಯಿದೆ.

1950ರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಮಕ್ಕಳ ಹೃದಯ ತೆರೆದು, ಹುಟ್ಟಿನಿಂದಲೇ ಇದ್ದ ರಂಧ್ರಗಳನ್ನು ಹೊಲಿಯುತ್ತಿದ್ದರು. ರಂಧ್ರವೇನೋ ಮುಚ್ಚುತ್ತಿತ್ತು. ಆದರೆ ಕೆಲವು ಮಕ್ಕಳಲ್ಲಿ ಸೂಜಿಯ ಮೊನೆ, ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಬಡಿತದ ಸಂಕೇತ ಒಯ್ಯುವ ನವಿರಾದ ಎಳೆಗೆ ತಾಗಿಬಿಡುತ್ತಿತ್ತು. ಇದಕ್ಕೆ ಹಾರ್ಟ್ ಬ್ಲಾಕ್ ಎನ್ನುತ್ತಾರೆ. ನಾವು ಮಾತಿನಲ್ಲಿ ‘ಬ್ಲಾಕ್ ಆಗಿದೆ, ಸ್ಟೆಂಟ್ ಹಾಕಿದ್ದಾರೆ’ ಎನ್ನುವುದು ರಕ್ತನಾಳದ ಅಡಚಣೆಯನ್ನು. ಇದು ಅದಲ್ಲ. ಇಲ್ಲಿ ಕೊಳವೆ ಸರಿಯಿದೆ, ವೈರಿಂಗ್ ಕೆಟ್ಟಿದೆ. ಆಗ ಹೀಗಾದ ಮಕ್ಕಳಲ್ಲಿ ಉಳಿಯುತ್ತಿದ್ದವರು ತೀರಾ ವಿರಳ.

ಬಾಸ್ಟನ್ನಿನ ಡಾ. ಪಾಲ್ ಝೋಲ್ 1952ರಲ್ಲಿಯೇ ಎದೆಯ ಮೇಲಿಂದ ವಿದ್ಯುತ್ ಕೊಟ್ಟು ಹೃದಯ ಬಡಿಯುವಂತೆ ಮಾಡಿ ತೋರಿಸಿದ್ದರು. ಆದರೆ ಅದರ ನೋವನ್ನೂ ಚರ್ಮದ ಸುಟ್ಟಗಾಯವನ್ನೂ ಎಳೆಮಕ್ಕಳು ತಾಳುವಂತಿರಲಿಲ್ಲ. 1957ರ ಜನವರಿಯಲ್ಲಿ ಲಿಲ್ಲೆಹೈ ತಂಡ ಸಣ್ಣದೊಂದು ತಂತಿಯನ್ನು ಹೃದಯದ ಸ್ನಾಯುವಿಗೇ ಹೊಲಿದು, ಹೊರಗಿನ ಯಂತ್ರಕ್ಕೆ ಜೋಡಿಸಿತು. ಕೆಲವೇ ವೋಲ್ಟ್ ಸಾಕಾಯಿತು. ಮಕ್ಕಳು ಬದುಕತೊಡಗಿದರು. ಆದರೆ ಯಂತ್ರದ ಇನ್ನೊಂದು ತುದಿ ಗೋಡೆಯ ಪ್ಲಗ್ಗಿನಲ್ಲಿತ್ತು. ತಂತಿ ಎಷ್ಟು ಉದ್ದವೋ ಮಗುವಿನ ಲೋಕ ಅಷ್ಟೇ.

ಅದೇ ವರ್ಷದ ಅಕ್ಟೋಬರ್ 31ರಂದು ಆ ನಗರದಲ್ಲಿ ಕರೆಂಟ್ ಹೋಯಿತು. ಆ ಕತ್ತಲೆಯಲ್ಲಿ ಒಂದು ಮಗು ತೀರಿಕೊಂಡಿತೆಂಬುದು ಅರ್ಲ್ ಬಕ್ಕೆನ್ ಮುಂದೆ ಹೇಳುತ್ತಿದ್ದ ನೆನಪು. ಬಕ್ಕೆನ್ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಎಂಜಿನಿಯರ್. 1949ರಲ್ಲಿ ಭಾವಮೈದುನನೊಂದಿಗೆ ಒಂದು ಗ್ಯಾರೇಜಿನಲ್ಲಿ ಮೆಡ್‌ಟ್ರಾನಿಕ್ ಕಂಪನಿ ಶುರುಮಾಡಿದವರು. ಬ್ಯಾಟರಿಯಿಂದ ನಡೆಯುವ ಯಂತ್ರ ಬೇಕೆಂದು ಲಿಲ್ಲೆಹೈ ಅವರನ್ನು ಕೇಳಿದರು. ಸಂಗೀತ ಕಲಿಯುವವರಿಗೆ ಲಯ ಹಿಡಿದುಕೊಡುವ ಮೆಟ್ರೊನೋಮಿನ ಸರ್ಕ್ಯೂಟ್ ಒಂದನ್ನು ಬಕ್ಕೆನ್ ಹಿಂದೆ ಪತ್ರಿಕೆಯಲ್ಲಿ ನೋಡಿದ್ದರು. ಅದನ್ನೇ ಆಧಾರವಾಗಿಟ್ಟುಕೊಂಡು ಕೆಲವೇ ವಾರಗಳಲ್ಲಿ ಅಂಗೈಯಗಲದ ಟ್ರಾನ್ಸಿಸ್ಟರ್ ಡಬ್ಬಿಯೊಂದನ್ನು ಕಟ್ಟಿದರು. ನಾಯಿಯ ಮೇಲೆ ಪರೀಕ್ಷೆಯಾದ ಮರುದಿನ ಆಸ್ಪತ್ರೆಗೆ ಹೋದರೆ, ಆ ಡಬ್ಬಿ ಆಗಲೇ ಒಂದು ಮಗುವಿನ ಹೃದಯವನ್ನು ನಡೆಸುತ್ತಿತ್ತು. ತಾಳ ಹಾಕುವ ಯಂತ್ರ ಹೀಗೆ ಹೃದಯದ ಯಂತ್ರವಾಯಿತು.

ಅಂದರೆ, ಹೊತ್ತು ತಿರುಗಬಲ್ಲ ಪೇಸ್‌ಮೇಕರ್ ಹುಟ್ಟಿದ್ದೇ ಮಕ್ಕಳಿಗಾಗಿ. ಆದರೆ ಬೆಳೆದದ್ದು ದೊಡ್ಡವರ ಅಳತೆಗೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನಲ್ಲಿ ಡಾ. ಓಕೆ ಸೆನಿಂಗ್ ಅವರು, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಡಬ್ಬಿಯನ್ನು ಮೊತ್ತಮೊದಲ ಬಾರಿಗೆ ದೇಹದೊಳಗೇ ಇಟ್ಟರು. ಪಡೆದವರು 43 ವರ್ಷದ ಆರ್ನೆ ಲಾರ್ಸನ್. ಮೊದಲ ಡಬ್ಬಿ ಕೆಲವೇ ಗಂಟೆಗಳಲ್ಲಿ ಕೈಕೊಟ್ಟಿತು. ಒಂದರ ಹಿಂದೊಂದು ಬದಲಾಯಿಸುತ್ತ, ಇಪ್ಪತ್ತಕ್ಕೂ ಹೆಚ್ಚು ಡಬ್ಬಿಗಳನ್ನು ದಾಟಿ ಲಾರ್ಸನ್ 86 ವರ್ಷ ಬಾಳಿ, 2001ರಲ್ಲಿ ಕಣ್ಮುಚ್ಚಿದರು. 1970ರ ದಶಕದಲ್ಲಿ ಲಿಥಿಯಂ ಬ್ಯಾಟರಿ ಬಂದ ಮೇಲೆ ಒಂದೊಂದು ಡಬ್ಬಿಯ ಆಯಸ್ಸು ಹೆಚ್ಚಿತು. ವಯಸ್ಸಾದವರೇ ಹೆಚ್ಚಾಗಿ ಹಾಕಿಸಿಕೊಳ್ಳುತ್ತಿದ್ದುದರಿಂದ ‘ಪೇಸ್‌ಮೇಕರ್ ಎಂದರೆ ಅಜ್ಜಂದಿರಿಗೆ’ ಎಂಬ ಮಾತು ಉಳಿಯಿತು. ಕೂಸಿಗೆ ಹಾಕಿಸಬೇಕು ಎಂದರೆ ಇಂದಿಗೂ ನೆಂಟರು ನಂಬುವುದಿಲ್ಲ.

ನಮ್ಮ ಕಡೆಗೆ ಬರೋಣ. ಬೆಂಗಳೂರಿನಿಂದ ಮದರಾಸಿಗೆ ಹೋಗುವ ರೈಲುಹಾದಿಯೇ ದಕ್ಷಿಣದ ಹೃದಯ ಚಿಕಿತ್ಸೆಯ ಚರಿತ್ರೆಯ ಹಾದಿಯೂ ಹೌದು. ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು. ಅಮೆರಿಕದಿಂದ ಬಂದ ಡಾ. ರೀವ್ ಬೆಟ್ಸ್ 1940ರ ದಶಕದ ಕೊನೆಯಲ್ಲಿ ಎದೆಯ ಶಸ್ತ್ರಚಿಕಿತ್ಸಾ ವಿಭಾಗ ತೆರೆದದ್ದು ಅಲ್ಲಿ. ಮುಂದೆ, ಚೆನ್ನೈ ಸೆಂಟ್ರಲ್ ಇನ್ನೇನು ಬಂತು ಎನ್ನುವಾಗ ಪೆರಂಬೂರು. ಅಲ್ಲಿನ ರೈಲ್ವೆ ಆಸ್ಪತ್ರೆಯಲ್ಲಿ ಡಾ. ಕೆ. ಎಂ. ಚೆರಿಯನ್ 1975ರಲ್ಲಿ ದೇಶದ ಮೊದಲ ಬೈಪಾಸ್ ಶಸ್ತ್ರಚಿಕಿತ್ಸೆ ನಡೆಸಿದರು. ಮುಂದೆ ಮದ್ರಾಸ್ ಮೆಡಿಕಲ್ ಮಿಷನ್ ಕಟ್ಟಿ ಬೆಳೆಸಿದರು. 1964ರಿಂದ ಓಡುತ್ತಿರುವ ಬೃಂದಾವನ ಎಕ್ಸ್‌ಪ್ರೆಸ್ಸಿನಲ್ಲಿ ಎಕ್ಸ್‌ರೇ ಲಕೋಟೆಗಳನ್ನು ಎದೆಗವಚಿಕೊಂಡು ಕೂತ ಕನ್ನಡದ ತಂದೆತಾಯಂದಿರಿಗೆ ಈ ಹಾದಿ ಪರಿಚಿತ. ಬೆಂಗಳೂರಿನಲ್ಲಿ ಜಯದೇವ, ಆಮೇಲೆ ನಾರಾಯಣ ಹೃದಯಾಲಯ ಬೆಳೆದ ಮೇಲೆ ಹಲವರ ಪ್ರಯಾಣ ಚಿಕ್ಕದಾಯಿತು.

ಶಸ್ತ್ರಚಿಕಿತ್ಸೆಯೇ ಆಗದ ಮಗುವಿಗೂ ಹಾರ್ಟ್ ಬ್ಲಾಕ್ ಬರಬಹುದು, ಅದೂ ಗರ್ಭದಲ್ಲೇ. ಸುಮಾರು 15ರಿಂದ 20 ಸಾವಿರ ಹೆರಿಗೆಗಳಿಗೆ ಒಂದರಂತೆ ಇದು ಕಾಣಿಸುತ್ತದೆ. ನಿಮಿಷಕ್ಕೆ 110ಕ್ಕೂ ಹೆಚ್ಚು ಸಲ ಬಡಿಯಬೇಕಾದ ಪುಟ್ಟ ಹೃದಯ 50–60ರಲ್ಲಿ ತೆವಳುತ್ತದೆ. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ತಾಯಿಗೆ: ಗ್ರಹಣದ ದಿನ ಹೊರಗೆ ಹೋಗಿದ್ದೆಯಾ? ಏನು ತಿಂದೆ? ವಿಜ್ಞಾನಕ್ಕೆ ಉತ್ತರ ಸಿಕ್ಕಿದ್ದು ತಡವಾಗಿ, 1980ರ ದಶಕದ ಹೊತ್ತಿಗೆ. ಕೆಲವು ತಾಯಂದಿರ ರಕ್ತದಲ್ಲಿ ರೋ, ಲಾ ಎಂಬ ಪ್ರತಿಕಾಯಗಳಿರುತ್ತವೆ. ಅವು ಮಾಸಿನ ಮೂಲಕ ಮಗುವಿಗೆ ದಾಟಿ ಆ ಎಳೆಯನ್ನು ಹಾಳುಮಾಡುತ್ತವೆ. ತಾಯಿಗೆ ಯಾವ ಕಾಯಿಲೆಯ ಲಕ್ಷಣವೂ ಇಲ್ಲದಿರಬಹುದು. ಲೂಪಸ್‌ನಂಥ ರೋಗ ತನ್ನಲ್ಲಿದೆ ಎಂದು ಮಗುವಿನಿಂದಲೇ ತಿಳಿದವರೂ ಇದ್ದಾರೆ. ಇದು ಆಕೆಯ ತಪ್ಪಲ್ಲ, ತಡೆಯಬಹುದಾಗಿದ್ದ ಎಡವಟ್ಟೂ ಅಲ್ಲ. ಮುಂದಿನ ಬಸಿರಿನಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಈ ಅಪಾಯವನ್ನು ಇಳಿಸಬಲ್ಲದೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹಾಗಾಗಿ ತಾಯಿಯ ರಕ್ತಪರೀಕ್ಷೆ ಮಾಡಿಸುವುದು ದೂರಲಿಕ್ಕಲ್ಲ, ಕಾಯಲಿಕ್ಕೆ.

ಈಗ ಡಬ್ಬಿ ಹೊತ್ತ ಕೂಸು ಮನೆಗೆ ಬಂದಿದೆ ಎಂದುಕೊಳ್ಳಿ. ಎಳೆಮಕ್ಕಳ ರಕ್ತನಾಳ ಸಣ್ಣದಾದ್ದರಿಂದ ತಂತಿಯನ್ನು ಸಾಮಾನ್ಯವಾಗಿ ಹೃದಯದ ಹೊರಮೈಗೆ ಹೊಲಿದು, ಡಬ್ಬಿಯನ್ನು ಹೊಟ್ಟೆಯಲ್ಲಿಡುತ್ತಾರೆ. ಮಗು ಉದ್ದವಾದಂತೆ ಎಳೆಯದಿರಲೆಂದು ತಂತಿಯನ್ನು ಒಂದು ಸುತ್ತು ಸಡಿಲ ಬಿಟ್ಟಿರುತ್ತಾರೆ. ಲಂಗದ ಅಂಚನ್ನು ಮಡಿಸಿ ಹೊಲಿಯುವ ದರ್ಜಿಯ ಬುದ್ಧಿಯೇ ಅದು.

ಉಳಿದದ್ದೆಲ್ಲ ಮನೆಯವರ ಕೆಲಸ. ಗಾಯ ಪೂರ್ತಿ ಮಾಯುವವರೆಗೆ ಅಜ್ಜಿಯ ಎಣ್ಣೆ-ನೀರು ಹೊಟ್ಟೆಯನ್ನು ಬಿಟ್ಟು ನಡೆಯಬೇಕು. ಆಮೇಲೂ ಡಬ್ಬಿಯ ಮೇಲೆ ಒತ್ತಿ ತಿಕ್ಕುವಂತಿಲ್ಲ. ಉಡಿದಾರ ಅದರ ಮೇಲೆ ಉಜ್ಜಬಾರದು. ಮೊಬೈಲ್ ಡಬ್ಬಿಯಿಂದ ಗೇಣುದ್ದ ದೂರವಿರಲಿ, ಇಂಡಕ್ಷನ್ ಒಲೆ ಎರಡು ಅಡಿ ದೂರವಿರಲಿ, ಅಯಸ್ಕಾಂತದ ಆಟಿಕೆ ಬೇಡ. ಮಾಲಿನ ಲೋಹಶೋಧಕ ಬಾಗಿಲಲ್ಲಿ ನಿಲ್ಲದೆ ದಾಟಿದರೆ ಸಾಕು. ಲಸಿಕೆಗಳು ಎಲ್ಲ ಮಕ್ಕಳಂತೆಯೇ. ಗಾಯ ಕೆಂಪಾದರೆ, ಜ್ವರ ಬಂದರೆ, ಹಾಲು ಕುಡಿಯುವಾಗ ಬೆವರಿ ಸುಸ್ತಾದರೆ, ನಾಡಿ ವೈದ್ಯರು ಹೇಳಿದ ಸಂಖ್ಯೆಗಿಂತ ಇಳಿದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಗು ಮಲಗಿದಾಗ ತಾಯಿ ಅದರ ಎದೆಯ ಮೇಲೆ ಕೈಯಿಟ್ಟು ಗಡಿಯಾರ ನೋಡುತ್ತ ಎಣಿಸುವುದು ಇಲ್ಲಿ ಗೀಳಲ್ಲ, ದಿನಚರಿ.

ಇನ್ನೊಂದು ಎಣಿಕೆಯೂ ಇದೆ. ನಿಮಿಷಕ್ಕೆ 100 ಬಡಿತವೆಂದರೆ ದಿನಕ್ಕೆ 1,44,000. ದೊಡ್ಡವರ ಹೃದಯಕ್ಕಿಂತ ಕೂಸಿನದು ವೇಗವಾಗಿ ಓಡುವುದರಿಂದ ಬ್ಯಾಟರಿಯೂ ಬೇಗ ಸವೆಯುತ್ತದೆ. ಐದೋ ಎಂಟೋ ವರ್ಷಕ್ಕೆ ಮತ್ತೊಂದು ಡಬ್ಬಿ, ಮತ್ತೊಂದು ಗಾಯ, ಮತ್ತೊಂದು ಬಿಲ್ಲು. ಮೊದಲ ಡಬ್ಬಿಗೆ ಸರ್ಕಾರದ ವಿಮೆ, ನೆಂಟರು, ದಾನಿಗಳು ಯಾರಾದರೂ ಒದಗುತ್ತಾರೆ; ಸಾವಿನ ಮುಂದೆ ಎಲ್ಲರೂ ಕೈಚಾಚುತ್ತಾರೆ. ಎರಡನೆಯದರ ಸರದಿ ಬರುವಾಗ ಮಗು ಶಾಲೆಗೆ ಹೋಗುತ್ತ, ಓಡಾಡುತ್ತ ಚೆನ್ನಾಗಿಯೇ ಇರುತ್ತದೆ. ಆಗ ಕೇಳುವುದು ಕಷ್ಟ, ಕೊಡುವವರೂ ಕಡಿಮೆ. ನಮ್ಮ ಯೋಜನೆಗಳು ಶಸ್ತ್ರಚಿಕಿತ್ಸೆಯನ್ನು ಒಂದು ಘಟನೆಯೆಂದು ಲೆಕ್ಕ ಹಾಕುತ್ತವೆ. ಈ ಮಕ್ಕಳಿಗೆ ಅದು ಬದುಕಿನುದ್ದಕ್ಕೂ ಮರಳಿ ಬರುವ ಕಂತು.

ಮಿನಿಯಾಪೊಲಿಸ್‌ನ ಮಗುವನ್ನು ಕಟ್ಟಿಹಾಕಿದ್ದು ಗೋಡೆಯ ತಂತಿ. ಚೆನ್ನೈನ ಮಗು ಆ ತಂತಿಯಿಂದ ಬಿಡಿಸಿಕೊಂಡು ಮೆರೀನಾ ಮರಳಿನಲ್ಲಿ ಓಡಬಲ್ಲದು. ಅದರ ಅಪ್ಪನ ಜೇಬಿನಲ್ಲಿ ಪೇಸ್‌ಮೇಕರಿನ ಗುರುತಿನ ಚೀಟಿ ಇರುತ್ತದೆ: ಡಬ್ಬಿಯ ಮಾದರಿ, ಸಂಖ್ಯೆ, ಹಾಕಿದ ತಾರೀಖು. ಬದಲಾಯಿಸಬೇಕಾದ ತಾರೀಖು ಅದರಲ್ಲಿ ಬರೆದಿರುವುದಿಲ್ಲ. ಅದನ್ನು ಮನೆಯವರು ಮನಸ್ಸಿನಲ್ಲೇ ಲೆಕ್ಕ ಹಾಕಿ, ತಿಂಗಳ ಸಂಬಳದಲ್ಲಿ ಒಂದಿಷ್ಟು ತೆಗೆದಿಡುತ್ತಿರುತ್ತಾರೆ.