ನೋಡಲು ಕಲಿಸಿದ ಗುರು



ಚಳಿಜ್ವರದ ಹೆಸರು ವಯನಾಡಿನವರಿಗೆ, ನೀಲಗಿರಿ ತಪ್ಪಲಿನವರಿಗೆ ಹೊಸದಲ್ಲ. ಆ ಜ್ವರವನ್ನು ಸೊಳ್ಳೆ ಹರಡುತ್ತದೆ ಎಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಇದನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಅವರ ಹೆಸರೂ ಗೊತ್ತು. ಆದರೆ ರಾಸ್ ಅವರಿಗೆ ನೋಡಲು ಕಲಿಸಿದ ಗುರು ಯಾರು? ಇಂದು ಆ ಕಥೆ.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರದಲ್ಲಿ. ಲಂಡನ್ನಿನಲ್ಲಿ ವೈದ್ಯಕೀಯ ಓದಿ 1881ರಲ್ಲಿ ಭಾರತದ ವೈದ್ಯ ಸೇವೆಗೆ ಸೇರಿದರು. ಅದರ ಹಿಂದಿನ ವರ್ಷವೇ ಆಲ್ಜೀರಿಯಾದಲ್ಲಿ ಲಾವೆರಾನ್ ಎಂಬ ಫ್ರೆಂಚ್ ವೈದ್ಯರು ರೋಗಿಯ ರಕ್ತದಲ್ಲಿ ಮಲೇರಿಯಾದ ಜೀವಿಯನ್ನು ಕಂಡಿದ್ದರು. ರಾಸ್ ಇಲ್ಲಿ ಹುಡುಕಿದರು, ಕಾಣಲಿಲ್ಲ. ಅಂಥ ಜೀವಿಯೇ ಇಲ್ಲವೆಂಬ ಅನುಮಾನ ಬಂತು.

1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಅವರ ಪರಿಚಯವಾಯಿತು. ಮ್ಯಾನ್ಸನ್ ಚೀನಾದಲ್ಲಿ ಬಹುಕಾಲ ವೈದ್ಯರಾಗಿದ್ದವರು. ಆನೆಕಾಲು ರೋಗದ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು 1877ರಲ್ಲಿ ಅಲ್ಲಿಯೇ ಕಂಡವರು. 1887ರಲ್ಲಿ ಹಾಂಗ್‌ಕಾಂಗಿನಲ್ಲಿ ಚೀನೀ ಯುವಕರಿಗಾಗಿ ತೆರೆದ ವೈದ್ಯಕೀಯ ಕಾಲೇಜಿನ ಮೊದಲ ಡೀನ್ ಅವರೇ. ಮುಂದೆ ಚೀನಾ ಗಣರಾಜ್ಯದ ನಾಯಕರಾದ ಸನ್ ಯಾತ್-ಸೆನ್ ಓದಿದ್ದು ಆ ಕಾಲೇಜಿನಲ್ಲಿ. ಅಂಥ ಗುರು ರಾಸ್ ಅವರನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಮಲೇರಿಯಾದ ಜೀವಿಯನ್ನೂ ಅದರೊಳಗಿನ ಕಪ್ಪು ಕಣಗಳನ್ನೂ ತೋರಿಸಿದರು. ಸೊಳ್ಳೆಯಲ್ಲಿ ಹುಡುಕು ಎಂದರು.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಮರಳಿದರು. ಗುರುಶಿಷ್ಯರ ನಡುವೆ ಕಾಗದಗಳು ಓಡಾಡಿದವು. ಸರ್ಕಾರ ಅವರನ್ನು ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಕಳುಹಿಸಿತು. 1897ರಲ್ಲಿ ಊಟಿಗೆ ಹೋದವರು ಸಿಗೂರು ಘಾಟಿಯಲ್ಲಿ ತಾವೇ ಜ್ವರಕ್ಕೆ ತುತ್ತಾದರು.

ಅದೇ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದು ಆಣೆ ಕೂಲಿ. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯನ್ನು ಸೀಳಿದಾಗ ಹೊಟ್ಟೆಯ ಗೋಡೆಯಲ್ಲಿ ದುಂಡನೆಯ ಕೋಶಗಳು, ಅವುಗಳೊಳಗೆ ಕಪ್ಪು ಕಣಗಳು. ಲಂಡನ್ನಿನಲ್ಲಿ ಗುರು ತೋರಿಸಿದ್ದ ಕಣಗಳೇ ಅವು! ಆ ಪಾಠವಿಲ್ಲದಿದ್ದರೆ ಗುರುತು ಹಿಡಿಯುವುದು ಸುಲಭವಿರಲಿಲ್ಲ.

ಗುರು ಹೇಳಿದ್ದೆಲ್ಲ ನಿಜವಾಗಲಿಲ್ಲ. ಸೊಳ್ಳೆ ಸತ್ತು ಬಿದ್ದ ನೀರು ಕುಡಿದರೆ ಜ್ವರ ಬರುತ್ತದೆಂದು ಮ್ಯಾನ್ಸನ್ ಊಹಿಸಿದ್ದರು. 1898ರಲ್ಲಿ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿದ ರಾಸ್, ರೋಗ ಹರಡುವುದು ಸೊಳ್ಳೆಯ ಕಡಿತದಿಂದ ಎಂದು ತೋರಿಸಿದರು. ಗುರುವಿನ ಮಾತನ್ನೂ ಒರೆಗೆ ಹಚ್ಚುವುದೇ ಸಂಶೋಧನೆ.

1899ರಲ್ಲಿ ಲಿವರ್‌ಪೂಲಿನಲ್ಲೂ ಲಂಡನ್ನಿನಲ್ಲೂ ಉಷ್ಣವಲಯದ ರೋಗಗಳ ಶಾಲೆಗಳು ತೆರೆದವು. ಲಂಡನ್ನಿನ ಶಾಲೆಯ ಹಿಂದಿದ್ದವರು ಮ್ಯಾನ್ಸನ್; ಲಿವರ್‌ಪೂಲಿನಲ್ಲಿ ಪಾಠ ಹೇಳಿದವರು ರಾಸ್. 1902ರಲ್ಲಿ ರಾಸ್ ಅವರಿಗೆ ನೊಬೆಲ್ ಬಹುಮಾನ ಬಂತು. ಆದರೆ ಆ ಶಾಲೆಗಳು ಮುಖ್ಯವಾಗಿ ತಯಾರು ಮಾಡಿದ್ದು ಸಾಮ್ರಾಜ್ಯದ ವಸಾಹತುಗಳಿಗೆ ಹೊರಟ ವೈದ್ಯರನ್ನು. ಜ್ವರ ನಮ್ಮದು, ರಕ್ತ ಹುಸೇನ್ ಖಾನರದು. ಕಲಿಕೆಯ ಮನೆ ಮಾತ್ರ ಕಡಲಾಚೆ. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯಲ್ಲಿ ಪಾಠ ಶುರುವಾದದ್ದು 1920ರ ದಶಕದ ಆರಂಭದಲ್ಲಿ.

ಇಂದು ಗಡಿಯೂರುಗಳ ಮಕ್ಕಳೂ ವೈದ್ಯಕೀಯ ಓದುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮತ್ತೊಂದು ನುಡಿ ಕಲಿತವರು ರೋಗಿಯ ಮಾತನ್ನು ಎರಡು ಭಾಷೆಗಳಲ್ಲಿ ಕೇಳಬಲ್ಲರು. ಅಂಥವರಲ್ಲಿ ಒಬ್ಬಿಬ್ಬರಾದರೂ ಔಷಧಿ ಬರೆಯುವುದರ ಜೊತೆಗೆ ಕಲಿಸುವುದನ್ನೂ ಹುಡುಕುವುದನ್ನೂ ಆರಿಸಿಕೊಳ್ಳಲಿ. ಆಗ ನಮ್ಮ ಊರಿನ ರೋಗದ ಪ್ರಶ್ನೆಗಳನ್ನು ನಮ್ಮ ಊರಿನವರೇ ಕೇಳುತ್ತಾರೆ.