ಹದಿನಾರರ ಹುಡುಗಿ, ಒಂಟಿ ದೋಣಿ, ಯಾರದೋ ಗಡಿಯಾರ

2010ರ ಮೇ ತಿಂಗಳು. ನಮ್ಮ ಮಗಳು ಹತ್ತನೇ ಕ್ಲಾಸ್ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದಳು. ಹದಿನಾರು ತುಂಬಿತ್ತು. ಹಿಮಾಲಯದಲ್ಲಿ ಹತ್ತು ದಿನದ ಟ್ರೆಕ್ಕಿಂಗ್ ಕ್ಯಾಂಪ್ ಇದೆ, ಹೋಗ್ತೀನಿ ಅಂತ ಕೇಳಿದಳು. ಬೇರೆ ಯಾವ ವಿಷಯಕ್ಕೂ ಒಮ್ಮತಕ್ಕೆ ಬರದ ನಾನು ಮತ್ತು ನನ್ನ ಹೆಂಡತಿ ಒಂದೇ ಉಸಿರಿನಲ್ಲಿ "ಬೇಡ" ಅಂದೆವು. ಆ ಭಾನುವಾರ, ಅಂದರೆ ಮೇ 16ರಂದು, ಪೇಪರಿನಲ್ಲಿ ಒಂದು ಫೋಟೋ. ಗುಲಾಬಿ ಬಣ್ಣದ ಸಣ್ಣ ಹಾಯಿದೋಣಿ, ಅದರ ಮೇಲೆ ನಗುತ್ತಾ ಕೈಬೀಸುತ್ತಿರುವ ಹುಡುಗಿ. ಮಗಳು ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಬಾಯಲ್ಲಿ ಒಂದು ಮಾತೂ ಆಡಲಿಲ್ಲ. ಹಾಲು ತೆಗೆಯಲು ಹೋದಾಗಲೆಲ್ಲ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು!

ಅವಳ ಹೆಸರು ಜೆಸ್ಸಿಕಾ ವಾಟ್ಸನ್. ಆಸ್ಟ್ರೇಲಿಯಾದವಳು. 2009ರ ಅಕ್ಟೋಬರ್ 18ರಂದು 34 ಅಡಿಯ ದೋಣಿಯಲ್ಲಿ ಸಿಡ್ನಿಯಿಂದ ಒಬ್ಬಳೇ ಹೊರಟು, ಎಲ್ಲೂ ದಡಕ್ಕೆ ಇಳಿಯದೆ ಭೂಮಿ ಸುತ್ತಿ, 210 ದಿನಗಳ ನಂತರ 2010ರ ಮೇ 15ರಂದು ಅದೇ ಸಿಡ್ನಿಗೆ ವಾಪಸ್ಸು ಬಂದಳು. ಹದಿನೇಳು ತುಂಬಲು ಇನ್ನೂ ಮೂರು ದಿನ ಬಾಕಿ ಇತ್ತು. ಪ್ರಧಾನಿ ಕೆವಿನ್ ರಡ್ ಖುದ್ದಾಗಿ ಬಂದು ಅವಳನ್ನು ಹೀರೋ ಅಂತ ಕರೆದರು. ಹಾಗೇನಿಲ್ಲ, ನಾನೊಬ್ಬ ಮಾಮೂಲಿ ಹುಡುಗಿ, ಒಂದು ಕನಸಿತ್ತು ಅಷ್ಟೇ ಅಂದಳಂತೆ ಅವಳು.

ಅವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹದಿನಾಲ್ಕು, ಹದಿನಾರರ ಮಕ್ಕಳನ್ನು ಹೀಗೆ ಸಮುದ್ರಕ್ಕೆ ಬಿಡಬಹುದಾ? ಬಿಟ್ಟ ಅಪ್ಪ ಅಮ್ಮ ಧೈರ್ಯವಂತರೋ, ತಲೆ ಕೆಟ್ಟವರೋ? ಇದರ ಹಿಂದಿನ ಚರಿತ್ರೆಯನ್ನು ಆಗಾಗ ಓದುತ್ತಾ ಬಂದಿದ್ದೇನೆ. ಓದಿದ್ದನ್ನು ಇಲ್ಲಿ ಒಂದು ಕಡೆ ಸೇರಿಸುತ್ತಿದ್ದೇನೆ.

ಮೊದಲನೆಯದಾಗಿ, ಸಮುದ್ರಕ್ಕೆ ಮಕ್ಕಳು ಹೊಸಬರಲ್ಲ. ಇಂಗ್ಲೆಂಡಿನ ಪ್ರಸಿದ್ಧ ನೌಕಾಧಿಪತಿ ನೆಲ್ಸನ್ 1771ರಲ್ಲಿ ಹಡಗು ಹತ್ತಿದಾಗ ಅವನಿಗೆ ಹನ್ನೆರಡು ವರ್ಷ. ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಮನುಷ್ಯ ಜೋಶುವಾ ಸ್ಲೋಕಂ. ಅವನೂ ಹದಿಹರೆಯದಲ್ಲೇ ಮನೆ ಬಿಟ್ಟು ಹಡಗಿನ ಕೆಲಸಕ್ಕೆ ಸೇರಿದವನು. ಆದರೆ ತನ್ನ ಆ ದೊಡ್ಡ ಯಾತ್ರೆಗೆ ಬಾಸ್ಟನ್ನಿನಿಂದ ಹೊರಟಿದ್ದು 1895ರಲ್ಲಿ, ಐವತ್ತೊಂದನೇ ವಯಸ್ಸಿನಲ್ಲಿ! ಮೂರು ವರ್ಷ ತೆಗೆದುಕೊಂಡು 1898ರಲ್ಲಿ ಮುಗಿಸಿದ. ಮುಂದೊಂದು ದಿನ ಅದೇ ದೋಣಿಯಲ್ಲಿ ಹೋದವನು ಮರಳಿ ಬರಲೇ ಇಲ್ಲ. ಅರ್ಧ ಶತಮಾನದ ಅನುಭವ ಇದ್ದವನ ಕಥೆ ಇದು.

ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿಮೂರು, ಹದಿನಾಲ್ಕರ ಹುಡುಗರು ಮಂಗಳೂರಿನಿಂದ ಸ್ಟೀಮರ್ ಹತ್ತಿ ಬೊಂಬಾಯಿಗೆ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಕಾಲ ಒಂದಿತ್ತು. ನನ್ನ ಅಪ್ಪನೂ ಅವರಲ್ಲೊಬ್ಬರು. ಅವರನ್ನು ಯಾರೂ ಸಾಹಸಿ ಅಂತ ಕರೆಯಲಿಲ್ಲ, ಫೋಟೋ ಹಾಕಲಿಲ್ಲ. ಮನೆಯಲ್ಲಿ ಅನ್ನ ಇರಲಿಲ್ಲ, ಹೊರಟರು. ಆ ಕಾಲದಲ್ಲಿ ಮಕ್ಕಳು ಅಪಾಯಕ್ಕೆ ಇಳಿದದ್ದು ಹೆಚ್ಚಾಗಿ ಹೊಟ್ಟೆಪಾಡಿಗೆ. ಅಪಾಯವನ್ನು ಆಸೆಪಟ್ಟು ಆರಿಸಿಕೊಳ್ಳುವ ಹದಿಹರೆಯ ಆಮೇಲೆ ಬಂದದ್ದು.

ಹಾಗೆ ಆರಿಸಿಕೊಂಡವರಲ್ಲಿ ಮೊದಲು ಹೆಸರಾದವನು ಅಮೆರಿಕದ ರಾಬಿನ್ ಲೀ ಗ್ರಹಾಂ. 1965ರಲ್ಲಿ ಹದಿನಾರನೇ ವಯಸ್ಸಿಗೆ 24 ಅಡಿಯ 'ಡವ್' ಎಂಬ ದೋಣಿಯಲ್ಲಿ ಕ್ಯಾಲಿಫೋರ್ನಿಯಾದಿಂದ ಹೊರಟ. ಶಾಲೆ ಅವನಿಗೆ ಒಗ್ಗುತ್ತಿರಲಿಲ್ಲ. ಎರಡು ಸಲ ಹಾಯಿಕಂಬ ಮುರಿಯಿತು. ಫಿಜಿಯಲ್ಲಿ ಒಬ್ಬ ಹುಡುಗಿಯ ಪರಿಚಯವಾಯಿತು, ದಕ್ಷಿಣ ಆಫ್ರಿಕಾದಲ್ಲಿ ಅವಳನ್ನೇ ಮದುವೆಯಾದ. ಕೊನೆಗೆ ಇನ್ನೊಂದು ದೊಡ್ಡ ದೋಣಿ ಕೊಂಡು 1970ರ ಏಪ್ರಿಲ್ ಕೊನೆಗೆ ಮನೆ ಸೇರಿದ. ಸುಮಾರು ಐದು ವರ್ಷ! ದ್ವೀಪ ಇಷ್ಟವಾದರೆ ಇದ್ದ, ಬೇಸರವಾದರೆ ಹೊರಟ. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಅವನ ಕಥೆ ಪ್ರಕಟಿಸುತ್ತಿತ್ತು, ನಿಜ. ಆದರೆ ಇಂಥ ತಾರೀಖಿನೊಳಗೆ ಮುಗಿಸಬೇಕು ಅನ್ನುವ ಗಡುವು ಅವನ ಬೆನ್ನ ಮೇಲೆ ಕೂತಿರಲಿಲ್ಲ.

ಇಪ್ಪತ್ತು ವರ್ಷದ ನಂತರ ಟಾನಿಯಾ ಏಬಿ. ಕಾಲೇಜು ಬೇಕಾ, ದೋಣಿ ಬೇಕಾ ಅಂತ ಅಪ್ಪನೇ ಕೇಳಿದನಂತೆ. ಹದಿನೆಂಟರ ಹುಡುಗಿ ದೋಣಿ ಅಂದಳು. 1985ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಹೊರಟು 1987ರ ನವೆಂಬರಿನಲ್ಲಿ ಮರಳಿದಳು. ಪೆಸಿಫಿಕ್ ಸಾಗರದಲ್ಲಿ ಒಂದು ಕಡೆ ಸ್ನೇಹಿತೆಯೊಬ್ಬಳನ್ನು 80 ಮೈಲಿ ದೂರ ತನ್ನ ದೋಣಿಯಲ್ಲಿ ಕೂರಿಸಿಕೊಂಡಿದ್ದಳು. ಅಷ್ಟಕ್ಕೇ ಅಧಿಕೃತ ದಾಖಲೆ ಕೈತಪ್ಪಿತು. ಎರಡೂವರೆ ವರ್ಷದ ಯಾತ್ರೆಯಲ್ಲಿ 80 ಮೈಲಿ ಯಾವ ಲೆಕ್ಕ ಹೇಳಿ? ಆದರೆ ದಾಖಲೆ ಬರೆಯುವವರಿಗೆ ಅದೇ ಲೆಕ್ಕ.

ಅಲ್ಲಿಂದ ಮುಂದೆ ಈ ಲೆಕ್ಕವೇ ದೊಡ್ಡದಾಗುತ್ತಾ ಹೋಯಿತು. 1999ರಲ್ಲಿ ಆಸ್ಟ್ರೇಲಿಯಾದ ಜೆಸ್ಸಿ ಮಾರ್ಟಿನ್ ಹದಿನೆಂಟಕ್ಕೆ ಎಲ್ಲೂ ನಿಲ್ಲದೆ ಸುತ್ತಿ ಬಂದ. (ಅವನು ಬರೆದ ಪುಸ್ತಕವನ್ನು ಅಮ್ಮ ಓದಿ ಹೇಳುತ್ತಿದ್ದಾಗಲೇ ಪುಟ್ಟ ಜೆಸ್ಸಿಕಾ ವಾಟ್ಸನ್ ತಲೆಗೆ ಈ ಹುಳ ಹೊಕ್ಕಿದ್ದು.) 2009ರ ಜುಲೈ 16ರಂದು ಅಮೆರಿಕದ ಜ್ಯಾಕ್ ಸುಂಡರ್‌ಲ್ಯಾಂಡ್ ಹದಿನೇಳಕ್ಕೆ ಮುಗಿಸಿ ಅತಿ ಕಿರಿಯ ಅನ್ನಿಸಿಕೊಂಡ. ಆ ಪಟ್ಟ ಎಷ್ಟು ದಿನ ಉಳಿಯಿತು ಗೊತ್ತಾ? ಆರು ವಾರ! ಆಗಸ್ಟ್ 27ಕ್ಕೆ ಇಂಗ್ಲೆಂಡಿನ ಮೈಕ್ ಪೆರಂ ಬಂದ. ಅವನಿಗೂ ಹದಿನೇಳೇ, ಆದರೆ ಕೆಲವು ತಿಂಗಳು ಚಿಕ್ಕವನು. ಹದಿನೇಳರ ನಂತರ ಹದಿನಾರು, ಹದಿನಾರರ ನಂತರ ಹದಿಮೂರು... ಹರಾಜಿನಲ್ಲಿ ಬೆಲೆ ಏರುವ ಹಾಗೆ ಇಲ್ಲಿ ವಯಸ್ಸು ಇಳಿಯುತ್ತಿತ್ತು.

2010ರ ಆ ಮೂರು ತಿಂಗಳಲ್ಲಿ ಇದರ ಒಳ್ಳೆಯದು, ಕೆಟ್ಟದ್ದು, ಮಧ್ಯದ ದಾರಿ ಮೂರೂ ಕಣ್ಣೆದುರಿಗೆ ಬಂದವು.

ಮೇ ತಿಂಗಳಲ್ಲಿ ಜೆಸ್ಸಿಕಾ ಗೆದ್ದು ಬಂದಳು. ಆದರೆ ಇದಕ್ಕೂ ಹಿಂದಿನ ಒಂದು ರಾತ್ರಿಯ ಕಥೆ ಕೇಳಿ. 2009ರ ಸೆಪ್ಟೆಂಬರ್ 9ರಂದು, ಇನ್ನೂ ಬ್ರಿಸ್ಬೇನಿನಿಂದ ಸಿಡ್ನಿಗೆ ಹೋಗುತ್ತಿದ್ದಾಗಲೇ, ಅವಳ ದೋಣಿ ಒಂದು ದೊಡ್ಡ ಸರಕು ಹಡಗಿಗೆ ಡಿಕ್ಕಿ ಹೊಡೆದು ಹಾಯಿಕಂಬ ಮುರಿಯಿತು. ಎರಡೂ ಕಡೆಯವರು ಸರಿಯಾಗಿ ಕಾವಲು ಇಟ್ಟಿರಲಿಲ್ಲ ಅಂತ ತನಿಖೆಯಲ್ಲಿ ಬಂತು. ಇಡೀ ದೇಶ ಅವಳ ತಂದೆ ತಾಯಿಗೆ ಛೀಮಾರಿ ಹಾಕಿತು. ಅವಳು ದೋಣಿ ರಿಪೇರಿ ಮಾಡಿಸಿ, ಮತ್ತೆ ಕಲಿತು, ತಿಂಗಳ ಮೇಲೆ ಹೊರಟಳು. ಎಲ್ಲರೂ ಹೆದರುವ ಕೇಪ್ ಹಾರ್ನ್ ದಾಟಿದ್ದು ಜನವರಿಯಲ್ಲಿ. ದಕ್ಷಿಣ ಗೋಳಾರ್ಧಕ್ಕೆ ಅದು ಬೇಸಿಗೆ. ಈ ಋತುವಿನ ವಿಷಯ ನೆನಪಿರಲಿ.

ಜೂನ್ ತಿಂಗಳಲ್ಲಿ ಆಬಿ ಸುಂಡರ್‌ಲ್ಯಾಂಡ್. ಮೇಲೆ ಹೇಳಿದ ಜ್ಯಾಕ್‌ನ ತಂಗಿ, ಹದಿನಾರು ವರ್ಷ. 2010ರ ಜನವರಿ 23ರಂದು 40 ಅಡಿಯ 'ವೈಲ್ಡ್ ಐಸ್' ದೋಣಿಯಲ್ಲಿ ಕ್ಯಾಲಿಫೋರ್ನಿಯಾ ಬಿಟ್ಟಳು. ಮೊದಲು ಮೆಕ್ಸಿಕೋದಲ್ಲಿ, ಆಮೇಲೆ ಮೇ ತಿಂಗಳಲ್ಲಿ ಕೇಪ್‌ಟೌನಿನಲ್ಲಿ ರಿಪೇರಿಗಾಗಿ ನಿಲ್ಲಬೇಕಾಯಿತು. ಎಲ್ಲೂ ನಿಲ್ಲದೆ ಸುತ್ತುವ ದಾಖಲೆ ಅಲ್ಲಿಗೆ ಹೋಯಿತು. ಅಷ್ಟರಲ್ಲಿ ದಕ್ಷಿಣದಲ್ಲಿ ಚಳಿಗಾಲ ಶುರು. ಅನುಭವಿಗಳು ಆ ಹೊತ್ತಿನಲ್ಲಿ ಆ ಸಮುದ್ರ ಬೇಡ ಅನ್ನುತ್ತಾರೆ. ಅವಳು ಹೊರಟಳು. ಜೂನ್ 10ರಂದು ಹಿಂದೂ ಮಹಾಸಾಗರದ ನಟ್ಟನಡುವೆ, ಆಸ್ಟ್ರೇಲಿಯಾದಿಂದ ಸುಮಾರು 2,000 ಮೈಲಿ ದೂರದಲ್ಲಿ, ಅಲೆಗೆ ದೋಣಿ ಮಗುಚಿ ಎದ್ದಿತು. ಹಾಯಿಕಂಬ ಹೋಯಿತು, ಫೋನ್ ಹೋಯಿತು. ಉಳಿದದ್ದು ಅಪಾಯದ ಸಂಕೇತ ಕಳಿಸುವ ಯಂತ್ರ ಮಾತ್ರ.

ಆಸ್ಟ್ರೇಲಿಯಾದವರು ಕ್ವಾಂಟಾಸ್ ಕಂಪನಿಯ ಪ್ರಯಾಣಿಕರ ಏರ್‌ಬಸ್ ಒಂದನ್ನೇ ಬಾಡಿಗೆಗೆ ಪಡೆದು ಪರ್ತ್‌ನಿಂದ ಹುಡುಕಲು ಕಳಿಸಿದರು. ಹುಡುಗಿ ಬದುಕಿದ್ದಾಳೆ ಅಂತ ಗೊತ್ತಾಯಿತು. ಜೂನ್ 12ರಂದು ಫ್ರೆಂಚ್ ಮೀನುಗಾರಿಕೆ ಹಡಗೊಂದು ಅವಳನ್ನು ತಲುಪಿತು. ಆ ಗಲಾಟೆಯಲ್ಲಿ ಹಡಗಿನ ಕ್ಯಾಪ್ಟನ್ನೇ ನೀರಿಗೆ ಬಿದ್ದು, ಅವನನ್ನೂ ಎಳೆದು ಹಾಕಬೇಕಾಯಿತು! ಖರ್ಚನ್ನು ಯಾರೂ ವಾಪಸ್ಸು ಕೇಳಲಿಲ್ಲ. ಕೈಬಿಟ್ಟ ದೋಣಿ ಎಂಟೂವರೆ ವರ್ಷ ತೇಲಿ, 2018ರ ಕೊನೆಯ ದಿನ ದಕ್ಷಿಣ ಆಸ್ಟ್ರೇಲಿಯಾದ ಹತ್ತಿರ ತಲೆಕೆಳಗಾಗಿ ಸಿಕ್ಕಿತು.

ಬಿರುಗಾಳಿಗೂ ವಯಸ್ಸಿಗೂ ಸಂಬಂಧವಿಲ್ಲ ಅಂತ ಆಬಿ ವಾದಿಸಿದಳು. ಇದನ್ನು ತಳ್ಳಿಹಾಕುವ ಹಾಗಿಲ್ಲ. 2018ರ ಸೆಪ್ಟೆಂಬರಿನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ, ಮೊದಲೇ ಒಂದು ಸಲ ಒಂಟಿಯಾಗಿ ಭೂಮಿ ಸುತ್ತಿದ್ದವರು, ಅದೇ ಸಾಗರದಲ್ಲಿ ಹಾಯಿಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ ಏಳಲಾಗದೆ ಮಲಗಿದ್ದರು. ಅವರನ್ನೂ ಎತ್ತಿಕೊಂಡದ್ದು ಫ್ರೆಂಚ್ ಹಡಗೇ. ಅವರಿಗೆ ಆಗ ಮೂವತ್ತೊಂಬತ್ತು. ಅವರನ್ನು ಬಿಟ್ಟವರು ಯಾರು ಅಂತ ನಾವು ಯಾರೂ ಕೇಳಲಿಲ್ಲ. ಹಾಗಾಗಿ ಆಬಿಯ ತಪ್ಪು ಹದಿನಾರು ವರ್ಷ ಅನ್ನುವುದಲ್ಲ. ತಪ್ಪು ತಿಂಗಳಲ್ಲಿ ತಪ್ಪು ಸಮುದ್ರದಲ್ಲಿ ಇದ್ದದ್ದು. ದೊಡ್ಡವನೊಬ್ಬ ಆರು ತಿಂಗಳು ಕಾಯಬಹುದು, ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ "ಅತಿ ಕಿರಿಯ" ಅನ್ನುವ ಪಟ್ಟ ಬೇಕಾದವರಿಗೆ ಕಾಯಲು ಬರುವುದಿಲ್ಲ. ಅವರ ಬೆನ್ನಿಗಿರುವುದು ಹುಟ್ಟುಹಬ್ಬ.

ಈ ಗಡಿಯಾರ ಆಕಾಶದಲ್ಲೂ ಕೆಲಸ ಮಾಡಿದೆ. 1996ರ ಏಪ್ರಿಲಿನಲ್ಲಿ ಜೆಸ್ಸಿಕಾ ಡುಬ್ರಾಫ್ ಎಂಬ ಏಳು ವರ್ಷದ ಅಮೆರಿಕದ ಮಗು, ದೇಶದ ಆ ತುದಿಗೆ ಹೋಗಿ ಬರುವ ಅತಿ ಕಿರಿಯ ವಿಮಾನ ಚಾಲಕಿ ಆಗಲು ಅಪ್ಪ ಮತ್ತು ಶಿಕ್ಷಕನ ಜೊತೆ ಹೊರಟಿತ್ತು. ಎರಡನೇ ದಿನ ಹವಾಮಾನ ಕೆಡುತ್ತಿದ್ದರೂ ವಿಮಾನ ಮೇಲೇರಿತು. ಮೂವರೂ ಸತ್ತರು. ಟಿವಿ, ಪತ್ರಿಕೆಯವರಿಗೆ ಕೊಟ್ಟ ಮಾತಿನಿಂದ ಬಿಗಿಯಾದ ವೇಳಾಪಟ್ಟಿಯೂ ಒಂದು ಕಾರಣ ಅಂತ ತನಿಖೆ ಹೇಳಿತು. ಅದೇ ವರ್ಷ ಅಮೆರಿಕ ಕಾನೂನು ತಂದಿತು. ಲೈಸೆನ್ಸ್ ಇಲ್ಲದ ಮಕ್ಕಳು ದಾಖಲೆಗಾಗಿ ವಿಮಾನ ನಡೆಸುವ ಹಾಗಿಲ್ಲ ಅಂತ. ಮಕ್ಕಳು ವಿಮಾನ ಕಲಿಯಬಾರದು ಅಂತ ಅಲ್ಲ, ದಾಖಲೆಗಾಗಿ ಬೇಡ ಅಂತ. ಈ ವ್ಯತ್ಯಾಸ ನನಗೆ ಬಹಳ ಹಿಡಿಸಿತು.

ಇನ್ನು ಜುಲೈ. ಲಾರಾ ಡೆಕ್ಕರ್, ಹಾಲೆಂಡಿನ ಹುಡುಗಿ. ಅಪ್ಪ ಅಮ್ಮ ದೋಣಿಯಲ್ಲಿ ಲೋಕ ಸುತ್ತುತ್ತಿದ್ದಾಗ ನ್ಯೂಜಿಲೆಂಡಿನಲ್ಲಿ ಹುಟ್ಟಿದವಳು. 2009ರಲ್ಲಿ ಹದಿಮೂರನೇ ವಯಸ್ಸಿಗೆ ಭೂಮಿ ಸುತ್ತುತ್ತೇನೆ ಅಂದಳು. ಸರ್ಕಾರ ಕೋರ್ಟಿಗೆ ಹೋಯಿತು. ಕೋರ್ಟು ಅವಳನ್ನು ಮಕ್ಕಳ ರಕ್ಷಣಾ ಇಲಾಖೆಯ ಮೇಲ್ವಿಚಾರಣೆಗೆ ಒಪ್ಪಿಸಿತು. ಡಿಸೆಂಬರಿನಲ್ಲಿ ಹುಡುಗಿ ಮನೆ ಬಿಟ್ಟು ಓಡಿಹೋಗಿ ಕೆರಿಬಿಯನ್ ದ್ವೀಪವೊಂದರಲ್ಲಿ ಸಿಕ್ಕಿದಳು!

ಅವಳಿಗೆ ಸುಮ್ಮನೆ "ಬೇಡ" ಅಂದು ಬಾಗಿಲು ಹಾಕಿದ್ದರೆ ಮತ್ತೆ ಓಡುತ್ತಿದ್ದಳು. ಆ ಒಂದು ವರ್ಷದಲ್ಲಿ ಆದದ್ದು ಬೇರೆ. ಇನ್ನೂ ದೊಡ್ಡ, ಗಟ್ಟಿ ದೋಣಿ ಬಂತು. ಪ್ರಥಮ ಚಿಕಿತ್ಸೆ ಕಲಿತಳು. ನಿದ್ದೆಗೆಟ್ಟು ಕೆಲಸ ಮಾಡುವುದನ್ನು ಅಭ್ಯಾಸ ಮಾಡಿದಳು. ದೋಣಿಯಲ್ಲೇ ಓದಲು ಅಂಚೆ ಶಿಕ್ಷಣದ ಏರ್ಪಾಡಾಯಿತು. 2010ರ ಜುಲೈ 27ರಂದು ಕೋರ್ಟು ಮೇಲ್ವಿಚಾರಣೆ ತೆಗೆದು, ಇನ್ನು ಇದು ತಂದೆ ತಾಯಿಯ ಜವಾಬ್ದಾರಿ ಅಂದಿತು. ಆಗಸ್ಟಿನಲ್ಲಿ ಜಿಬ್ರಾಲ್ಟರಿನಿಂದ ಹೊರಟ ಲಾರಾ ಊರೂರಿನಲ್ಲಿ ನಿಂತು, ಕಡಲ್ಗಳ್ಳರ ದಾರಿ ತಪ್ಪಿಸಿ ಡಾರ್ವಿನ್ನಿನಿಂದ ನೇರ ಡರ್ಬನ್ನಿಗೆ ಹೋಗಿ, 2012ರ ಜನವರಿ 21ರಂದು ಸಿಂಟ್ ಮಾರ್ಟನ್ ದ್ವೀಪದಲ್ಲಿ ಸುತ್ತು ಮುಗಿಸಿದಳು. ಹದಿನಾರು ವರ್ಷ, ನಾಲ್ಕು ತಿಂಗಳು. ಅವಳಿಗಿಂತ ಚಿಕ್ಕವರು ಯಾರೂ ಒಂಟಿಯಾಗಿ ಭೂಮಿ ಸುತ್ತಿಲ್ಲ.

ಆದರೆ ಅವಳ ಹೆಸರು ಯಾವ ಅಧಿಕೃತ ದಾಖಲೆಯಲ್ಲೂ ಇಲ್ಲ. ದಾಖಲೆ ಇಡುವ ಸಂಸ್ಥೆಗಳು ಅಷ್ಟರಲ್ಲಿ "ಅತಿ ಕಿರಿಯ" ಅನ್ನುವ ವಿಭಾಗವನ್ನೇ ಕೈಬಿಟ್ಟಿದ್ದವು. ವಯಸ್ಸು ಇಳಿಯುವ ಹರಾಜೂ ಅಲ್ಲಿಗೆ ನಿಂತಿತು. ಯಾರನ್ನೂ ಜೈಲಿಗೆ ಹಾಕಲಿಲ್ಲ, ಬಹುಮಾನವನ್ನು ತೆಗೆದರು ಅಷ್ಟೇ.

ಇನ್ನೊಂದು ತಾರೀಖು ಹೇಳಲೇಬೇಕು. ಜೆಸ್ಸಿಕಾ ಸಿಡ್ನಿ ತಲುಪಿದ ನಾಲ್ಕನೇ ದಿನ, 2010ರ ಮೇ 19ರಂದು, ನಮ್ಮ ಮುಂಬಯಿಗೆ ಒಂದು ಹಾಯಿದೋಣಿ ಬಂತು. 'ಮ್ಹಾದೆಯಿ', ಗೋವಾದಲ್ಲಿ ಕಟ್ಟಿದ್ದು. ಅದರಲ್ಲಿದ್ದವರು ನೌಕಾಪಡೆಯ ಕಮಾಂಡರ್ ದಿಲೀಪ್ ದೊಂದೆ, ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಭಾರತೀಯ. ವಯಸ್ಸು ನಲವತ್ತೆರಡು. ಅದಕ್ಕೆ ಮೂರು ವರ್ಷ ತಯಾರಿ ಮಾಡಿದ್ದರು, ದಾರಿಯಲ್ಲಿ ನಾಲ್ಕು ಕಡೆ ನಿಂತಿದ್ದರು. ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕೂತು ಕಡಲೆ ತಿನ್ನುವ ನಮಗೆ ಅದು ಸರಿಯಾಗಿ ಗೊತ್ತಾಗಲೂ ಇಲ್ಲ. ನಮ್ಮ ಫ್ರಿಜ್ಜಿನ ಮೇಲೆ ಅವರ ಫೋಟೋ ಬರಲಿಲ್ಲ.

ಹಾಗಾದರೆ ಮಕ್ಕಳನ್ನು ಬಿಡಬೇಕೋ ಬೇಡವೋ? ವಯಸ್ಸಿನ ಗೆರೆ ಎಳೆದು ಇದಕ್ಕೆ ಉತ್ತರ ಸಿಗುವುದಿಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ಈ ಸಮುದ್ರ ಬೇಡ, ಈ ತಿಂಗಳು ಬೇಡ, ಇವತ್ತು ವಾಪಸ್ಸು ಹೋಗೋಣ ಅಂತ ಹೇಳುವ ಸ್ವಾತಂತ್ರ್ಯ ಆ ಮಗುವಿಗೆ ಇದೆಯಾ? ಇದ್ದರೆ ಕಲಿಸಿ, ಪರೀಕ್ಷಿಸಿ ಕಳಿಸಬಹುದು. ಪಟ್ಟ, ಕ್ಯಾಮೆರಾ, ಗಡುವು ಸೇರಿ ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡಿದ್ದರೆ ಮನೆಯಲ್ಲೇ ಇರಲಿ, ಇಪ್ಪತ್ತೈದರವನಾದರೂ ಸರಿ.

ಆ ಟ್ರೆಕ್ಕಿಂಗ್ ಕ್ಯಾಂಪಿಗೆ ಯಾವ ಗಡುವೂ ಇರಲಿಲ್ಲ, ಪಟ್ಟವೂ ಇರಲಿಲ್ಲ. ಜೊತೆಗೆ ನಲವತ್ತು ಮಕ್ಕಳು, ನಾಲ್ಕು ಜನ ಗೈಡುಗಳು. ಏನು ಕಲಿಯಬೇಕು, ಏನು ತೆಗೆದುಕೊಂಡು ಹೋಗಬೇಕು ಅಂತ ನಾವು ಅವಳನ್ನು ಒಂದು ಮಾತೂ ಕೇಳಲಿಲ್ಲ. ಹಾಲೆಂಡಿನ ಕೋರ್ಟು ಒಂದು ವರ್ಷ ಯೋಚಿಸಿದ್ದನ್ನು ನಾವು ಒಂದು ಉಸಿರಿನಲ್ಲಿ ಮುಗಿಸಿದ್ದೆವು. ಹದಿನಾಲ್ಕಕ್ಕೆ ಸ್ಟೀಮರ್ ಹತ್ತಿದವರ ಮಗ ನಾನು!

ಮಳೆಗಾಲದ ಹೊತ್ತಿಗೆ ಫೋಟೋದ ಬಣ್ಣ ಮಾಸಿ, ಒಂದು ದಿನ ಕೆಳಗೆ ಬಿತ್ತು. ಮಗಳು ಮತ್ತೆ ಅಂಟಿಸಲಿಲ್ಲ. ಮತ್ತೆ ಯಾವತ್ತೂ ಎಲ್ಲಿಗೂ ಹೋಗ್ತೀನಿ ಅಂತ ಕೇಳಲೂ ಇಲ್ಲ.